ದೇವನಹಳ್ಳಿಯಿಂದ ಹೊರಟ ಜೋಡಿ

ದೇವನಹಳ್ಳಿ ಎಂದರೆ ಹಿಂದಿನವರಿಗೆ ಕೋಟೆ ಮತ್ತು ಚಕ್ಕೋತ. ಇಂದಿನವರಿಗೆ ವಿಮಾನ ನಿಲ್ದಾಣ. ಟಿಪ್ಪು ಹುಟ್ಟಿದ ಊರೆಂದು ಶಾಲೆಯ ಪಾಠದಲ್ಲಿ ಓದಿದ ನೆನಪು ಕೆಲವರಿಗಾದರೂ ಇದ್ದೀತು. ಮೈಸೂರಿನ ಸೈನ್ಯ ಬ್ರಿಟಿಷರ ಮೇಲೆ ಹಾರಿಸಿದ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ಕಥೆಯೂ ಆ ಹೆಸರಿನ ಜೊತೆಗೇ ಬರುತ್ತದೆ. ಹಾಗಾಗಿ ಈ ಊರಿನ ಆಸುಪಾಸಿನಲ್ಲಿ ಬಾಹ್ಯಾಕಾಶದ ಕೆಲಸ ನಡೆಯಿತೆಂದರೆ ಕೂಡಲೇ ಟಿಪ್ಪುವಿನ ರಾಕೆಟ್ಟಿಗೆ ಗಂಟು ಹಾಕುವವರುಂಟು. ಆ ನೆಂಟಸ್ತಿಕೆಯನ್ನು ಎಳೆದು ತರುವ ಅಗತ್ಯವಿಲ್ಲ. ಇಲ್ಲಿ ನಡೆದ ಕೆಲಸಕ್ಕೆ ಬೆಂಕಿಯೂ ಇಲ್ಲ, ಸದ್ದೂ ಇಲ್ಲ. ಅದಕ್ಕಿರುವ ನೆಂಟಸ್ತಿಕೆ ಬೇರೊಂದು ಜಾಗದ ಜೊತೆ. ಆ ಜಾಗ ಸುಮಾರು ನಲವತ್ತು ಕಿಲೋಮೀಟರ್ ದೂರದ ಪೀಣ್ಯ.

2024ರ ಡಿಸೆಂಬರ್ 30ರ ರಾತ್ರಿ ಹತ್ತು ಗಂಟೆಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಮೇಲೇರಿತು. ಅದರ ತಲೆಯಲ್ಲಿ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳಿದ್ದವು. ಎಸ್‌ಡಿಎಕ್ಸ್-01, ಎಸ್‌ಡಿಎಕ್ಸ್-02 ಎಂಬ ನೀರಸ ಹೆಸರಿನ ಅವಳಿಗಳು. ಸ್ಪೇಡೆಕ್ಸ್ ಎಂಬ ಈ ಯೋಜನೆಯ ಗುರಿ ಒಂದೇ: ಬಾನಿನಲ್ಲಿ ಈ ಎರಡೂ ಒಂದನ್ನೊಂದು ಹುಡುಕಿಕೊಂಡು ಬಂದು ಜೋಡಿಯಾಗಬೇಕು, ಬೇಕೆಂದಾಗ ಬೇರೆಯಾಗಬೇಕು. ಭಾರತ ತನ್ನದೇ ಅಂತರಿಕ್ಷ ನಿಲ್ದಾಣ ಕಟ್ಟಬೇಕಾದರೆ ಈ ವಿದ್ಯೆ ಬಾರದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಅವಳಿಗಳನ್ನು ರೂಪಿಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ ಹಾಗೂ ಇಸ್ರೋದ ಇತರ ಕೇಂದ್ರಗಳು. ಆದರೆ ಬಿಡಿಭಾಗಗಳನ್ನು ಕೂಡಿಸಿ, ಪರೀಕ್ಷೆಗೆ ಒಡ್ಡಿ, ಪ್ರಯಾಣಕ್ಕೆ ಅಣಿ ಮಾಡಿದ್ದು ದೇವನಹಳ್ಳಿ ವಿಮಾನ ನಿಲ್ದಾಣದ ಮಗ್ಗುಲಿನ ಏರೋಸ್ಪೇಸ್ ಪಾರ್ಕಿನಲ್ಲಿರುವ ಅನಂತ್ ಟೆಕ್ನಾಲಜೀಸ್ ಎಂಬ ಖಾಸಗಿ ಕಂಪೆನಿಯ ಅಂಗಳದಲ್ಲಿ, ಉಪಗ್ರಹ ಕೇಂದ್ರದ ಉಸ್ತುವಾರಿಯಲ್ಲಿ.

ಈ ‘ಅಣಿ ಮಾಡುವ’ ಕೆಲಸ ಪತ್ರಿಕೆಯಲ್ಲಿ ಸುದ್ದಿಯಾಗುವುದು ಕಡಿಮೆ. ರಾಕೆಟ್ ಹಾರಿದ ಚಿತ್ರ ಮುಖಪುಟಕ್ಕೆ ಬರುತ್ತದೆ. ಅದಕ್ಕೂ ಮೊದಲಿನ ತಿಂಗಳುಗಟ್ಟಲೆ ದುಡಿಮೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಉಪಗ್ರಹವೊಂದರ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಯೇ. ಕೆಟ್ಟುನಿಂತ ಲಾರಿಯನ್ನು ರಸ್ತೆ ಬದಿಗೆ ತಳ್ಳಿ ಮೆಕ್ಯಾನಿಕ್‌ನನ್ನು ಕರೆಸಬಹುದು. 470 ಕಿಲೋಮೀಟರ್ ಎತ್ತರದಲ್ಲಿ ಸಡಿಲವಾದ ಒಂದು ತಂತಿಯನ್ನು ಬಿಗಿಮಾಡಲು ಯಾರೂ ಹೋಗಲಾರರು.

ಇದು ದೊಡ್ಡ ದೇಶಗಳೂ ಕಲಿಯಬೇಕಾಗಿ ಬಂದ ಪಾಠ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ಎರಡು ಕೋಣೆಗಳನ್ನೇ ನೋಡಿ. ಜರ್ಯಾ ಎಂಬುದು ಮಾಸ್ಕೋದಲ್ಲಿ ತಯಾರಾಗಿ 1998ರ ನವೆಂಬರ್ 20ರಂದು ಬೈಕೊನೂರಿನಿಂದ ಹಾರಿತು. ಯೂನಿಟಿ ಎಂಬುದು ಅಮೆರಿಕದಲ್ಲಿ ತಯಾರಾಗಿ ಡಿಸೆಂಬರ್ 4ರಂದು ಎಂಡೆವರ್ ಎಂಬ ಸ್ಪೇಸ್ ಶಟಲ್‌ನ ಹೊಟ್ಟೆಯಲ್ಲಿ ಕುಳಿತು ಹೋಯಿತು. ಎರಡೂ ಭೂಮಿಯ ಮೇಲೆ ಒಂದೇ ಸೂರಿನಡಿ ನಿಂತದ್ದೇ ಇಲ್ಲ. ಮುಖ ನೋಡದೆ ನಿಶ್ಚಯವಾದ ಮದುವೆಯ ಹಾಗೆ, ಅವುಗಳ ಮೊದಲ ಭೇಟಿ ಬಾನಿನಲ್ಲಿಯೇ ಆಯಿತು. ಆ ಮದುವೆ ಸುಸೂತ್ರವಾಗಿ ನಡೆಯಿತು. ಆದರೂ ಮುಂದಿನ ಹಲವು ಕೋಣೆಗಳ ವಿಷಯದಲ್ಲಿ ನಾಸಾ ಅಷ್ಟು ಧೈರ್ಯ ಮಾಡಲಿಲ್ಲ. ಫ್ಲಾರಿಡಾದ ಕೆನಡಿ ಕೇಂದ್ರದಲ್ಲಿ ಅವುಗಳನ್ನು ಅಕ್ಕಪಕ್ಕ ಇಟ್ಟು, ತಂತಿಗಳಿಂದ ಒಂದಕ್ಕೊಂದು ಬೆಸೆದು, ಬಾನಿನಲ್ಲೇ ಇದ್ದಂತೆ ನಡೆಸಿ ನೋಡಿದರು. ಒಂದರ ಕಂಪ್ಯೂಟರ್ ಆಡಿದ ಮಾತು ಇನ್ನೊಂದಕ್ಕೆ ತಿಳಿಯದಂಥ ತೊಡಕುಗಳನ್ನು ನೆಲದಲ್ಲೇ ಹಿಡಿದು ಸರಿಪಡಿಸುವುದು ಅದರ ಉದ್ದೇಶ.

ಶಟಲ್ ನೌಕೆಯನ್ನು ಅಣಿಗೊಳಿಸುವುದೂ ಅಷ್ಟೇ ನಿಧಾನದ ಕೆಲಸ. ಪ್ರತಿ ಯಾನದ ನಂತರ ಅದನ್ನು ಹ್ಯಾಂಗರಿಗೆ ತಂದು, ಮೈಮೇಲಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಾಖನಿರೋಧಕ ಬಿಲ್ಲೆಗಳನ್ನು ಪರಿಶೀಲಿಸಬೇಕು. ಆಮೇಲೆ ಇಂಧನದ ತೊಟ್ಟಿಗೂ ಬೂಸ್ಟರುಗಳಿಗೂ ಜೋಡಿಸಿ, ದೈತ್ಯಾಕಾರದ ಬಂಡಿಯ ಮೇಲೆ ನಿಲ್ಲಿಸಿ ಉಡಾವಣಾ ಕಟ್ಟೆಗೆ ಒಯ್ಯಬೇಕು. ಗಂಟೆಗೆ 28 ಸಾವಿರ ಕಿಲೋಮೀಟರ್ ಓಡುವ ನೌಕೆ ಈ ಐದಾರು ಕಿಲೋಮೀಟರ್ ದಾರಿಗೆ ಆರೇಳು ಗಂಟೆ ತೆಗೆದುಕೊಳ್ಳುತ್ತಿತ್ತು. ತೇರು ಎಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಕರ್ನಾಟಕದಲ್ಲಿ ಈ ಬಗೆಯ ಕೆಲಸ ಶುರುವಾದದ್ದು ಪೀಣ್ಯದಲ್ಲಿ. 1972ರ ಮೇ 10ರಂದು ಭಾರತಕ್ಕೂ ಸೋವಿಯತ್ ಒಕ್ಕೂಟದ ವಿಜ್ಞಾನ ಅಕಾಡೆಮಿಗೂ ಒಪ್ಪಂದವಾಯಿತು. ಉಪಗ್ರಹವನ್ನು ಭಾರತ ತಯಾರಿಸುವುದು, ರಾಕೆಟ್ಟನ್ನು ಸೋವಿಯತ್ತರು ಕೊಡುವುದು. ಒಪ್ಪಂದವೇನೋ ಆಯಿತು, ಉಪಗ್ರಹ ಮಾಡಲು ಜಾಗವೂ ಇರಲಿಲ್ಲ, ಮಾಡಿ ಗೊತ್ತಿದ್ದವರೂ ಇರಲಿಲ್ಲ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರಿಗೆ ಈ ಹೊಣೆ ಬಿತ್ತು. ಭಾರತೀಯ ವಿಜ್ಞಾನ ಸಂಸ್ಥೆ, ಎಚ್‌ಎಎಲ್, ಎನ್‌ಎಎಲ್, ಬಿಇಎಲ್ ಇವೆಲ್ಲ ಇದ್ದ ಊರು ಬೆಂಗಳೂರು. ಇಸ್ರೋದ ಅಧ್ಯಕ್ಷರಾಗಿ ಅದೇ ವರ್ಷ ಬಂದ ಸತೀಶ್ ಧವನ್ ಅವರೂ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಹಾಗಾಗಿ ಜಾಗ ಬೆಂಗಳೂರೇ ಎಂದಾಯಿತು. ಸಿಕ್ಕಿದ್ದು ಪೀಣ್ಯ ಕೈಗಾರಿಕಾ ಪ್ರದೇಶದ ನಾಲ್ಕು ಕಲ್ನಾರು ಚಾವಣಿಯ ಶೆಡ್ಡುಗಳು.

ಆ ಶೆಡ್ಡುಗಳನ್ನು ಇಂದಿನ ಓದುಗರು ಕಲ್ಪಿಸಿಕೊಳ್ಳುವುದು ಕಷ್ಟ. ಸುತ್ತ ಲೇಥು ಯಂತ್ರಗಳ, ಎರಕದ ಕಾರ್ಖಾನೆಗಳ ಊರು. ನಡುವೆ ಧೂಳಿನ ಒಂದು ಕಣವೂ ಬೀಳಬಾರದೆಂಬ ಕೋಣೆ. ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಇಪ್ಪತ್ತಾರು ಮುಖಗಳ, 360 ಕಿಲೋ ತೂಕದ ಪೆಟ್ಟಿಗೆಯ ಚೌಕಟ್ಟು ಎಚ್‌ಎಎಲ್‌ನಲ್ಲಿ ಸಿದ್ಧವಾಯಿತು. ಒಳಗಿನ ವಿದ್ಯುನ್ಮಾನ ಮಂಡಲಗಳು ಶೆಡ್ಡಿನಲ್ಲಿ ಒಂದೊಂದಾಗಿ ಜೀವ ತಳೆದವು. ಜಾಗ ಸಾಲದೆ ಒಂದು ಶೌಚಾಲಯವನ್ನೇ ಮಾಹಿತಿ ಸ್ವೀಕರಿಸುವ ಕೋಣೆಯಾಗಿ ಮಾರ್ಪಡಿಸಿಕೊಂಡರೆಂದು ಆ ಕಾಲದ ಬಗ್ಗೆ ಬರೆದವರು ಹೇಳುತ್ತಾರೆ. 1975ರ ಏಪ್ರಿಲ್ 19ರಂದು ಕಪೂಸ್ತಿನ್ ಯಾರ್ ಎಂಬಲ್ಲಿಂದ ಆರ್ಯಭಟ ಮೇಲೇರಿತು. ಐದನೆಯ ದಿನ ಅದರ ವೈಜ್ಞಾನಿಕ ಉಪಕರಣಗಳಿಗೆ ವಿದ್ಯುತ್ ನಿಂತುಹೋಯಿತು. ಉಪಗ್ರಹವೇನೋ ಸುತ್ತುತ್ತಲೇ ಇತ್ತು, ಸಂಕೇತ ಕಳಿಸುತ್ತಲೇ ಇತ್ತು. ಹೊತ್ತೊಯ್ದ ಪ್ರಯೋಗಗಳು ಮಾತ್ರ ಅಲ್ಲಿಗೇ ನಿಂತವು. ಎರಡು ರೂಪಾಯಿ ನೋಟಿನ ಮೇಲೆ ಆರ್ಯಭಟನ ಚಿತ್ರ ಬಂತು. ವಿದ್ಯುತ್ ನಿಂತ ಕಥೆ ನೋಟಿನ ಮೇಲೆ ಬರಲಿಲ್ಲ, ಆದರೆ ಶೆಡ್ಡಿನವರು ಅದನ್ನು ಮರೆಯುವಂತಿರಲಿಲ್ಲ.

ಆರು ವರ್ಷಗಳ ಮೇಲೆ ಬಂದ ಆ್ಯಪಲ್ ಎಂಬ ಸಂಪರ್ಕ ಉಪಗ್ರಹದ ಒಂದು ಚಿತ್ರ ಬಹಳ ಮಂದಿಗೆ ಪರಿಚಿತ. ಬಯಲಿನಲ್ಲಿ ಒಂದು ಎತ್ತಿನ ಗಾಡಿ, ಅದರ ಮೇಲೆ ಉಪಗ್ರಹ. ಹೊರದೇಶದವರು ಇದನ್ನು ಬಡತನದ ಚಿತ್ರವೆಂದು ತೋರಿಸಿದ್ದುಂಟು. ಇಲ್ಲಿಯವರು ಅದನ್ನೇ ಹೆಮ್ಮೆಯ ಚಿತ್ರವೆಂದು ತೋರಿಸುವುದುಂಟು. ನಿಜವಾದ ಕಾರಣ ಇವೆರಡೂ ಅಲ್ಲ. ಉಪಗ್ರಹದ ಆಂಟೆನಾ ಸರಿಯಾಗಿ ಮಾತಾಡುತ್ತದೆಯೇ ಎಂದು ತೆರೆದ ಬಯಲಿನಲ್ಲಿ ಪರೀಕ್ಷಿಸಬೇಕಿತ್ತು. ಲಾರಿಯ ಮೇಲಿಟ್ಟರೆ ಲಾರಿಯ ಕಬ್ಬಿಣವೇ ರೇಡಿಯೊ ಅಲೆಗಳನ್ನು ಪ್ರತಿಫಲಿಸಿ ಲೆಕ್ಕ ಕೆಡಿಸುತ್ತದೆ. ಮರದ ಗಾಡಿಗೆ ಆ ದೋಷವಿಲ್ಲ. ಕೈಗೆ ಎಟುಕುವ ವಸ್ತುವಿನಿಂದ ಸರಿಯಾದ ಪರೀಕ್ಷೆ ಮಾಡಿಕೊಂಡರು, ಅಷ್ಟೇ. 1981ರ ಜೂನ್ 19ರಂದು ಕೌರೂವಿನಿಂದ ಏರಿಯಾನ್ ರಾಕೆಟ್ ಆ್ಯಪಲನ್ನು ಒಯ್ದಿತು. ಆಂಟೆನಾ ಚೆನ್ನಾಗಿಯೇ ಕೆಲಸ ಮಾಡಿತು. ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲಿಲ್ಲ! ಉಳಿದೊಂದರ ವಿದ್ಯುತ್ತಿನಲ್ಲೇ ಎರಡು ವರ್ಷಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದ್ದು ಇಂಜಿನಿಯರುಗಳ ಜಾಣ್ಮೆ.

ಫಲಕ ಬಿಚ್ಚಿಕೊಳ್ಳುವುದು ಏನು ಮಹಾ ಎನ್ನಬೇಡಿ. ತೂಕವೇ ಇಲ್ಲದ ಕಡೆ ಬಿಚ್ಚಿಕೊಳ್ಳಲೆಂದು ಮಾಡಿದ ಹಗುರ ಹಾಳೆ ಅದು. ನೆಲದ ಮೇಲೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆದ್ದರಿಂದ ಪರೀಕ್ಷೆ ಮಾಡುವಾಗ ಅದನ್ನು ಮೇಲಿನಿಂದ ತೂಗುಹಾಕಿ, ಭಾರವನ್ನು ಹೊರಗಿನಿಂದ ಹೊತ್ತುಕೊಂಡು, ತೊಟ್ಟಿಲು ತೂಗಿದಷ್ಟು ಹದವಾಗಿ ಬಿಚ್ಚಿನೋಡಬೇಕು. ಹಾಗೆ ನೋಡಿಯೂ ಕೈಕೊಡುತ್ತದೆ. ಅಮೆರಿಕದ ಸ್ಪೇಸ್ ಶಟಲ್ ಭಾರತಕ್ಕಾಗಿ ಹೊತ್ತ ಒಂದೇ ಒಂದು ಉಪಗ್ರಹವೂ ಇದೇ ಕಾಟ ಕೊಟ್ಟಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ಒಯ್ದ ಇನ್ಸಾಟ್-1ಬಿಯ ಸೌರಫಲಕ ಮೊದಲು ಬಿಚ್ಚಿಕೊಳ್ಳದೆ, ಹಾಸನದ ನಿಯಂತ್ರಣ ಕೇಂದ್ರದವರು ಸೆಪ್ಟೆಂಬರ್ ಮಧ್ಯದವರೆಗೂ ಪರದಾಡಿದರು. ಕೊನೆಗೆ ಅದು ಬಿಚ್ಚಿತು. ದೂರದರ್ಶನ ದೇಶದ ಮೂಲೆಮೂಲೆಗೆ ತಲುಪಿದ್ದರಲ್ಲಿ ಆ ಉಪಗ್ರಹದ ಪಾಲು ದೊಡ್ಡದು. ಮುಂದಿನ ಇನ್ಸಾಟ್-1ಸಿ ಕೂಡ 1986ರಲ್ಲಿ ಶಟಲ್‌ನಲ್ಲೇ ಹೋಗಬೇಕಿತ್ತು. ಜೊತೆಗೆ ಇಸ್ರೋದ ಇಂಜಿನಿಯರೊಬ್ಬರೂ ಹೋಗುವುದೆಂದಾಗಿ ಎನ್.ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಆಯ್ಕೆಯಾಗಿದ್ದರು. ಆ ವರ್ಷ ಜನವರಿ 28ರಂದು ಚಾಲೆಂಜರ್ ಏಳು ಮಂದಿಯೊಡನೆ ಆಕಾಶದಲ್ಲಿ ಸಿಡಿಯಿತು. ಚಳಿಗೆ ಗಡುಸಾದ ಒಂದು ರಬ್ಬರ್ ಉಂಗುರ ಅದಕ್ಕೆ ಕಾರಣ. ಉಂಗುರದ ಬಗ್ಗೆ ಹಿಂದಿನ ರಾತ್ರಿಯೇ ಎಚ್ಚರಿಸಿದ ಇಂಜಿನಿಯರುಗಳಿದ್ದರು. ಅವರ ಮಾತು ನಡೆಯಲಿಲ್ಲ. ಇನ್ಸಾಟ್-1ಸಿ ಎರಡು ವರ್ಷ ತಡವಾಗಿ ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು. ಭಾರತದ ಯಾತ್ರಿಕ ಹೋಗಲಿಲ್ಲ.

ಪೀಣ್ಯದ ಶೆಡ್ಡಿನಲ್ಲಿ ಹುಟ್ಟಿದ ಉಪಗ್ರಹ ಕೇಂದ್ರ 1984ರಲ್ಲಿ ಹಳೆಯ ವಿಮಾನ ನಿಲ್ದಾಣದ ರಸ್ತೆಗೆ ಸ್ಥಳಾಂತರವಾಯಿತು. ಮಾರತ್ತಹಳ್ಳಿಯ ಬಳಿ ಇನ್ನೂ ದೊಡ್ಡ ಜೋಡಣಾ ಕೇಂದ್ರ ಬಂತು. ಆದರೂ ಕೈಗಳು ಸಾಲದಾದವು. ಈ ಕೆಲಸವನ್ನು ಹೊರಗಿನ ಕಂಪೆನಿಗಳಿಗೆ ಕಲಿಸುವುದೆಂದು ಇಸ್ರೋ ನಿರ್ಧರಿಸಿತು. ಮೊದಲ ಪ್ರಯತ್ನಕ್ಕೆ ಒದಗಿದ ಗತಿ ಮಾತ್ರ ಮನಸ್ಸು ಮುರಿಯುವಂಥದ್ದು. ಬೆಂಗಳೂರಿನ ಆಲ್ಫಾ ಡಿಸೈನ್ ಕಂಪೆನಿಯ ನೇತೃತ್ವದಲ್ಲಿ ಕೆಲವು ಸಣ್ಣ ಕಂಪೆನಿಗಳು ಸೇರಿ, ಇಸ್ರೋದವರ ಕಣ್ಗಾವಲಿನಲ್ಲಿ, ಐಆರ್‌ಎನ್‌ಎಸ್‌ಎಸ್-1ಎಚ್ ಎಂಬ ಪಥದರ್ಶಕ ಉಪಗ್ರಹವನ್ನು ಜೋಡಿಸಿಕೊಟ್ಟವು. 2017ರ ಆಗಸ್ಟ್ 31ರಂದು ರಾಕೆಟ್ ಅದನ್ನು ಹೊತ್ತು ಸರಿಯಾಗಿಯೇ ಏರಿತು. ಆದರೆ ತಲೆಯ ಮೇಲಿನ ಶಾಖಕವಚ ಕಳಚಿಕೊಳ್ಳಲಿಲ್ಲ. ಉಪಗ್ರಹ ಕವಚದೊಳಗೇ ಬಂದಿಯಾಯಿತು. ಜೋಡಿಸಿದವರ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತ ಉಪಗ್ರಹ ತಾನು ಚೆನ್ನಾಗಿದ್ದೇನೆಂದು ಲೋಕಕ್ಕೆ ತೋರಿಸುವುದಾದರೂ ಹೇಗೆ?

ಸ್ಪೇಡೆಕ್ಸ್ ಅವಳಿಗಳ ಜೋಡಣೆ ದೇವನಹಳ್ಳಿಯ ಕಡೆಗೆ ಬಂದದ್ದು ಈ ದಾರಿಯಲ್ಲಿ. ಇಸ್ರೋದಲ್ಲಿ ದುಡಿದು ಹೊರಬಂದ ಸುಬ್ಬರಾವ್ ಪಾವುಲೂರಿ ಅವರು ಹೈದರಾಬಾದಿನಲ್ಲಿ 1992ರಲ್ಲಿ ಸ್ಥಾಪಿಸಿದ ಕಂಪೆನಿ ಅನಂತ್ ಟೆಕ್ನಾಲಜೀಸ್. ಈ ಸಲ ಕೆಲಸದವರಷ್ಟೇ ಅಲ್ಲ, ಅಂಗಳವೂ ಖಾಸಗಿಯವರದ್ದೇ. ಅಲ್ಲಿ ಕೆಲಸ ಮಾಡುವವರಿಗೆ ತಲೆಗೆ ಟೋಪಿ, ಮೈಗೆ ನಿಲುವಂಗಿ, ಕಾಲಿಗೆ ಚೀಲ. ಮೈಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ನೆಲಕ್ಕೆ ಇಳಿದುಹೋಗಲೆಂದು ಮಣಿಕಟ್ಟಿಗೆ ಒಂದು ಪಟ್ಟಿ. ಒಂದು ಕೂದಲು, ಒಂದು ನೂಲೆಳೆ ಮಸೂರದ ಮೇಲೆ ಬಿದ್ದರೂ ಮೇಲೆ ಹೋಗಿ ಒರೆಸುವವರಿಲ್ಲ. ಪ್ರತಿ ತಿರುಪು ಎಷ್ಟು ಬಿಗಿಯಾಯಿತು, ಪ್ರತಿ ಕನೆಕ್ಟರನ್ನು ಎಷ್ಟು ಬಾರಿ ಕೂಡಿಸಿ ಕಳಚಿದರು ಎಂಬುದಕ್ಕೂ ಲೆಕ್ಕ ಬರೆದಿಡುತ್ತಾರೆ. ಜೋಡಿಸಿದ ಉಪಗ್ರಹವನ್ನು ರಾಕೆಟ್ಟಿನ ಕುಲುಕಾಟಕ್ಕೆ ಸಮನಾಗಿ ಕುಲುಕಿ ನೋಡಬೇಕು. ಗಾಳಿಯನ್ನೆಲ್ಲ ಹೀರಿ ತೆಗೆದ ಕೊಠಡಿಯಲ್ಲಿಟ್ಟು ಕಾಯಿಸಿ, ತಣಿಸಿ, ಮತ್ತೆ ಕಾಯಿಸಬೇಕು. ಏಕೆಂದರೆ ಆ ಎತ್ತರದಲ್ಲಿ ಉಪಗ್ರಹಕ್ಕೆ ಸುಮಾರು ಒಂದೂವರೆ ಗಂಟೆಗೊಂದು ಹಗಲು, ಒಂದು ರಾತ್ರಿ.

ಇದಿಷ್ಟು ಎಲ್ಲ ಉಪಗ್ರಹಗಳಿಗೂ ಇದ್ದದ್ದೇ. ಈ ಜೋಡಿಯ ವಿಶೇಷವಿರುವುದು ಅವುಗಳ ಮುಖದ ಮೇಲಿನ 450 ಮಿಲಿಮೀಟರ್ ಅಳತೆಯ ಉಂಗುರದಲ್ಲಿ. ಮೊದಮೊದಲ ಗಗನನೌಕೆಗಳು ಕೂಡಿಕೊಳ್ಳುತ್ತಿದ್ದುದು ಬೀಗ ಮತ್ತು ಕೀಲಿಕೈಯ ಹಾಗೆ; ಒಂದು ಚುಚ್ಚುವುದು, ಇನ್ನೊಂದು ಚುಚ್ಚಿಸಿಕೊಳ್ಳುವುದು. 1975ರಲ್ಲಿ, ಆರ್ಯಭಟ ಹಾರಿದ ಮೂರು ತಿಂಗಳಿಗೆ, ಅಮೆರಿಕದ ಅಪೊಲೊ ಮತ್ತು ಸೋವಿಯತ್ತರ ಸೋಯುಜ್ ಬಾನಿನಲ್ಲಿ ಕೈಕುಲುಕಬೇಕಾಗಿ ಬಂದಾಗ ಯಾರು ಬೀಗ, ಯಾರು ಕೀಲಿ ಎಂಬ ಪ್ರಶ್ನೆ ಎದ್ದಿತು. ಎರಡೂ ದೇಶಗಳ ಮಾನ ಕಾಯುವಂತೆ ಎರಡೂ ಕಡೆ ಒಂದೇ ಬಗೆಯ ಉಂಗುರ ರೂಪಿಸಿದರು. ಯಾವುದು ಬೇಕಾದರೂ ಮುಂದೆ ಹೋಗಿ ಹಿಡಿಯಬಹುದು, ಯಾವುದು ಬೇಕಾದರೂ ನಿಂತು ಹಿಡಿಸಿಕೊಳ್ಳಬಹುದು. ಶಟಲ್ ನೌಕೆಗಳು ಬಾಹ್ಯಾಕಾಶ ನಿಲ್ದಾಣಕ್ಕೆ ಅಂಟಿಕೊಂಡದ್ದೂ ಅದೇ ವಂಶದ ಉಂಗುರದಿಂದ. ಸ್ಪೇಡೆಕ್ಸ್ ಅವಳಿಗಳದ್ದೂ ಅದೇ ಬಗೆ, ಆದರೆ ಸರಳ: ಹೊರದೇಶದ ಇಂದಿನ ವ್ಯವಸ್ಥೆಯಲ್ಲಿ 24 ಮೋಟಾರುಗಳಿದ್ದರೆ ಇದರಲ್ಲಿ ಎರಡು.

ಎರಡೂ ಉಪಗ್ರಹಗಳು ಗಂಟೆಗೆ ಸುಮಾರು 27 ಸಾವಿರ ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಆದರೆ ಒಂದು ಇನ್ನೊಂದನ್ನು ಮುಟ್ಟುವಾಗ ಸೆಕೆಂಡಿಗೆ ಒಂದು ಸೆಂಟಿಮೀಟರ್ ಆಸುಪಾಸಿನ ವೇಗವಷ್ಟೇ ಇರಬೇಕು. ಆ ಲೆಕ್ಕದಲ್ಲಿ ಕೊನೆಯ ಮೂರು ಮೀಟರ್ ದಾಟಲು ಐದು ನಿಮಿಷ. ಜೋರಾಗಿ ತಾಗಿದರೆ ಇನ್ನೊಂದು ಚಿಮ್ಮಿ ದೂರ ಹೋಗುತ್ತದೆ. ಭಾರಿ ನೌಕೆಗಳಿಗಿಂತ ಹಗುರ ನೌಕೆಗಳಿಗೆ ಈ ಅಪಾಯ ಹೆಚ್ಚು. ದೋಣಿಗೆ ದೋಣಿ ಒರಗಿಸುವುದಕ್ಕಿಂತ ನೀರಿನ ಮೇಲೆ ಬೆಂಡಿಗೆ ಬೆಂಡು ತಾಗಿಸಿ ನಿಲ್ಲಿಸುವುದು ಕಷ್ಟ ಎಂಬಂತೆ. ಇದನ್ನು ನೆಲದ ಮೇಲೆ ಅಭ್ಯಾಸ ಮಾಡಲೆಂದೇ ಇಸ್ರೋ ಪ್ರತ್ಯೇಕ ಪ್ರಯೋಗಾಲಯಗಳನ್ನು ಕಟ್ಟಿತು. ಒಂದರಲ್ಲಿ ನಿಜ ಗಾತ್ರದ ಉಂಗುರಗಳನ್ನೇ ಒಂದಕ್ಕೊಂದು ತಾಗಿಸಿ, ಹಿಡಿಸಿ, ಬಿಡಿಸಿ ನೋಡಿದರು. ಇನ್ನೊಂದರಲ್ಲಿ ದೂರ ಅಳೆಯುವ ಲೇಸರ್ ಕಣ್ಣುಗಳೂ ದಾರಿ ನಿರ್ಧರಿಸುವ ಲೆಕ್ಕಾಚಾರವೂ ಹೊಂದುತ್ತವೆಯೇ ಎಂದು ಒರೆಗೆ ಹಚ್ಚಿದರು.

ಇಷ್ಟಾಗಿಯೂ ಬಾನಿಗೆ ಹೋದ ಮೇಲೆ ಎಲ್ಲವೂ ಪಾಠ ಒಪ್ಪಿಸಿದಂತೆ ನಡೆಯಲಿಲ್ಲ. ಜೋಡಣೆಗೆ ಮೊದಲು ಗೊತ್ತುಮಾಡಿದ್ದ ದಿನ 2025ರ ಜನವರಿ 7. ಮಧ್ಯದಲ್ಲಿ ಕೈಬಿಟ್ಟು ಹಿಂದೆ ಸರಿಯಬೇಕಾದ ಒಂದು ಸಂದರ್ಭ ಎದುರಾಗಬಹುದೆಂದು ಕಂಡುಬಂದುದರಿಂದ, ಅದನ್ನು ನೆಲದ ಮೇಲೆ ಮತ್ತೊಮ್ಮೆ ನಡೆಸಿ ನೋಡಬೇಕೆಂದು ದಿನ ಮುಂದೂಡಿದರು. ಎರಡನೆಯ ದಿನಾಂಕಕ್ಕೆ ಮುಂಚೆ, ಎರಡರ ನಡುವಿನ ಅಂತರವನ್ನು 225 ಮೀಟರಿಗೆ ತರುವಾಗ ನಿರೀಕ್ಷೆಗಿಂತ ಹೆಚ್ಚು ತೇಲಿಹೋದದ್ದು ಕಂಡು ಮತ್ತೆ ತಡೆದರು. ಜನವರಿ 12ರಂದು ಮೂರು ಮೀಟರಿನಷ್ಟು ಹತ್ತಿರ ಬಂದು, ಮುಖ ನೋಡಿಕೊಂಡು, ಮತ್ತೆ ಹಿಂದಕ್ಕೆ ಸರಿಸಿದರು. ಹೊರಗಿನವರು ‘ಮತ್ತೆ ಮುಂದೂಡಿಕೆ’ ಎಂದು ಗೊಣಗಿದ್ದುಂಟು. ಚಾಲೆಂಜರ್‌ನ ಕಥೆ ಬಲ್ಲವರು ಹಾಗೆ ಗೊಣಗಲಾರರು. ಈ ನಡುವೆ ಇಸ್ರೋದ ಅಧ್ಯಕ್ಷ ಸ್ಥಾನವೂ ಎಸ್. ಸೋಮನಾಥ್ ಅವರಿಂದ ವಿ. ನಾರಾಯಣನ್ ಅವರಿಗೆ ಬಂತು. ಜನವರಿ 16ರ ಬೆಳಿಗ್ಗೆ ಅವಳಿಗಳು ಹದಿನೈದು ಮೀಟರಿನಿಂದ ಮೂರು ಮೀಟರಿಗೆ ಬಂದು ನಿಂತವು. ಅಲ್ಲಿಂದ ಅಂಗುಲಂಗುಲವಾಗಿ ಸರಿದು ಉಂಗುರಕ್ಕೆ ಉಂಗುರ ಹಿಡಿದು ಬಿಗಿಯಾದವು. ಅಮೆರಿಕ, ರಷ್ಯಾ, ಚೀನಾಗಳ ನಂತರ ಈ ವಿದ್ಯೆ ಬಲ್ಲ ನಾಲ್ಕನೆಯ ದೇಶ ಭಾರತವಾಯಿತು.

ಅದೇ ರಾಕೆಟ್ಟಿನ ಕೊನೆಯ ಹಂತದಲ್ಲಿ ಒಂದು ಪುಟ್ಟ ಪೆಟ್ಟಿಗೆಯೊಳಗೆ ಎಂಟು ಅಲಸಂದೆ ಕಾಳುಗಳೂ ಹೋಗಿದ್ದವು. ಅವು ನಾಲ್ಕು ದಿನಕ್ಕೆ ಮೊಳಕೆಯೊಡೆದು, ಆಮೇಲೆ ಎಲೆಯನ್ನೂ ಬಿಟ್ಟವು. ಜೋಡಣೆಯ ಗದ್ದಲದಲ್ಲಿ ಆ ಸುದ್ದಿಗೆ ಸಿಗಬೇಕಾದ ಜಾಗ ಸಿಗಲಿಲ್ಲ.

ಮಾರ್ಚ್ 13ರಂದು ಮೊದಲ ಯತ್ನಕ್ಕೇ ಅವಳಿಗಳು ಬೇರೆಯಾದವು. ಇವು ಕಲಿಸಿದ ವಿದ್ಯೆ ಮುಂದೆ ಬೇಕಾಗುವುದು ಭಾರತೀಯ ಅಂತರಿಕ್ಷ ನಿಲ್ದಾಣಕ್ಕೆ. ಅದರ ಮೊದಲ ಕೋಣೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದ್ದು 2024ರ ಸೆಪ್ಟೆಂಬರಿನಲ್ಲಿ. ಆ ಕೋಣೆಯನ್ನು 2028ಕ್ಕೆ ಹಾರಿಸಿ, ಐದು ಕೋಣೆಗಳ ಇಡೀ ನಿಲ್ದಾಣವನ್ನು 2035ಕ್ಕೆ ಮುಗಿಸಬೇಕೆಂಬುದು ಇಟ್ಟುಕೊಂಡ ಗುರಿ. ಬೇರೆ ಬೇರೆ ರಾಕೆಟ್ಟುಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಹೋಗುವ ಕೋಣೆಗಳು ಬಾನಿನಲ್ಲಿ ಸಂಧಿಸುವಾಗ ಉಂಗುರಗಳ ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ಒಂದರ ವಿದ್ಯುತ್ತು ಇನ್ನೊಂದಕ್ಕೆ ಹರಿಯಬೇಕು.

ಆ ವಿದ್ಯುತ್ತಿನ ಪರೀಕ್ಷೆಗಾಗಿಯೇ ಅವಳಿಗಳನ್ನು ಎರಡನೆಯ ಸಲ ಕೂಡಿಸಿದರು. ಈ ಬಾರಿ ಹದಿನೈದು ಮೀಟರಿನಿಂದ ಮುಂದಕ್ಕೆ ಯಾರ ಅಪ್ಪಣೆಗೂ ಕಾಯದೆ ಅವು ತಾವಾಗಿಯೇ ಬಂದು ಕೂಡಿದವು. ಈ ಕೆಲಸವನ್ನೆಲ್ಲ ನಡೆಸಿದ ನಿಯಂತ್ರಣ ಕೇಂದ್ರ ಇಸ್ಟ್ರಾಕ್ ಇರುವುದು ಪೀಣ್ಯದಲ್ಲಿ. ಆರ್ಯಭಟ ಹುಟ್ಟಿದ ಅದೇ ಕೈಗಾರಿಕಾ ಪ್ರದೇಶದಲ್ಲಿ. ಅಂದು 2025ರ ಏಪ್ರಿಲ್ 20. ಆರ್ಯಭಟ ಮೇಲೇರಿ ಐವತ್ತು ವರ್ಷ ತುಂಬಿ ಒಂದು ದಿನವಾಗಿತ್ತು. ಮರುದಿನ ಒಂದು ಉಪಗ್ರಹದ ವಿದ್ಯುತ್ತು ಉಂಗುರವನ್ನು ದಾಟಿ ಇನ್ನೊಂದರೊಳಗೆ ಹರಿದು, ಅಲ್ಲಿದ್ದ ಪುಟ್ಟ ಹೀಟರೊಂದನ್ನು ಸುಮಾರು ನಾಲ್ಕು ನಿಮಿಷ ಬಿಸಿಯಾಗಿಟ್ಟಿತು.